ಹಸನಬಿ ನಿಂತ ಕಿಡಕಿ

...ನಿಮ್ಮ ಅಜ್ಜಿ ಹಸನಬಿ ಸಾಲಿ ಕಿಡಕಿ ಹೊರಗ ನಿಂತು, ಕರೀಹಲಗಿ ನೋಡಿ ನೋಡಿ ಅಕ್ಷರ ಕಲತರು; ಅದನ್ನ ಕಂಡ ನಮ್ಮ ಅಜ್ಜಾರು ಕೈ ಹಿಡದು ಒಳಗ ಕರಕೊಂಡು ಮೊದಲ ಬೆಂಚಿನ ಮ್ಯಾಲ ಕುಂಡರಿಸಿದ್ರು. ಈ ಕಥಿ ನಾನೂ ಸಣ್ಣಾಕಿದ್ದಾಗಿಂದ ಕೇಳೀನಿ, ಕೌಸರ. ಕೇಳೂದು ಬ್ಯಾರೆ, ನಂಬೂದು ಬ್ಯಾರೆ! ನಮ್ಮ ದ್ಯಾಮಪ್ಪಜ್ಜಾರ ಹೆಸರು ಹೇಳಿದ್ರ ಗಜೇಂದ್ರಗಡದ ಮಂದಿ ಇವತ್ತಿಗೂ ಕೈ ಮುಗೀತಾರ, ಮುಗೀಲಿ. ಆದರ ನಾನು ಇತಿಹಾಸದ ಪ್ರಾಧ್ಯಾಪಕಿ. ಆ ಕಥಿಯೊಳಗ ಒಂದು ಮಾತು ಸುಳ್ಳೈತಿ. ಖುದ್ದ ಹೋಗಿ ಪರೀಕ್ಷಿಸಿ ನೋಡೀನಿ... ಯಾವ ಮಾತು? ಹೇಳತೀನಿ, ತಡೀರಿ. ಮದಲ ಕೂಡ್ರಿ. ಆ ಕುರ್ಚಿ ಬ್ಯಾಡ, ನಾಳೆ ಬರೋವರಿಗೆ ಒರಸಿಟ್ಟದ್ದು. ಅಲ್ಲಿ, ಆ ಸ್ಟೂಲಿನ ಮ್ಯಾಲ.

ನಾಳೆ ತಪಾಸಣಾ ಸಮಿತಿ ಬರೂದು ಗೊತ್ತೈತಲ್ಲ? ಈ ಸಲ ಅವರು ವೈವಿಧ್ಯ ನೋಡತಾರಂತ. ಕಲಿಯೋರು ಯಾರು, ಕಲಿಸೋರು ಯಾರು, ಎಲ್ಲಾ ಸಮಾಜದವರೂ ಅದಾರೋ ಇಲ್ಲೋ... ಅಜ್ಜಾರ ಸಾಲಿ ಬೆಳದು ಆದ ವಿಶ್ವವಿದ್ಯಾಲಯ ನಮ್ಮದು, ಸಣ್ಣದು ಖರೇ. ಆದರೂ ನಮ್ಮ ಅಧ್ಯಾಪಕರೊಳಗ ರೋಣದವರದಾರ, ನರಗುಂದದವರದಾರ, ಗಜೇಂದ್ರಗಡದವರದಾರ. ಇದಕ್ಕಿಂತ ವೈವಿಧ್ಯ ಇನ್ನೇನು ಬೇಕು?

ಯಾಕ ನಗತೀರಿ?

ಹೌದು, ಎಲ್ಲಾರೂ ನಮ್ಮ ಬೀಗರ. ಬೀಗರಾದ್ರ ಏನಾತು, ಊರು ಬ್ಯಾರೆ ಬ್ಯಾರೆ ಅಲ್ಲೇನು?

ಇರಲಿ. ನಿಮ್ಮ ಕೆಲಸ ಹೇಳತೀನಿ, ಲಕ್ಷ್ಯ ಕೊಡ್ರಿ. ಮುಂಜಾನಿ ಇಳಕಲ್ ಸೀರಿ ಉಟ್ಟು ಅಧ್ಯಾಪಕರ ಸಾಲಿನೊಳಗ ಎಲ್ಲಾರಿಗಿಂತ ಮುಂದ ಕೂಡ್ರಿ. ಮಧ್ಯಾಹ್ನ ಚೂಡಿದಾರ ಹಾಕ್ಕೊಂಡು, ತಲಿ ಮ್ಯಾಲ ದುಪಟ್ಟಾ ಹೊದ್ಕೊಂಡು ವಿದ್ಯಾರ್ಥಿಗಳ ಸಾಲಿನೊಳಗ. ಪಿಎಚ್‌ಡಿ ಮಾಡಾಕತ್ತೀರಲ್ಲ, ವಿದ್ಯಾರ್ಥಿನಿ ಅನ್ನೂದು ಸುಳ್ಳೇನಲ್ಲ. ಒಬ್ಬರಿಂದ ಎರಡೂ ಕಡೆ ತುಂಬಿದಂಗಾತು... ಗುರುತು ಹಿಡೀತಾರ? ಛೇ ಛೇ! ಅವರು ನೋಡೂದು ದುಪಟ್ಟಾ. ಮಾರಿ ಯಾರು ನೋಡತಾರ?

ಸಂಜಿಮುಂದ ಹಳೇ ಸಾಲಿ ಖೋಲಿಯೊಳಗ ಅಜ್ಜಿ ಕಥಿ ಹೇಳಬೇಕು. ಹೋದ ವರ್ಷ ಭಾಳ ಒಣಕಲ ಹೇಳಿದ್ರಿ. ಕೊನೀಗೆ ಸ್ವಲ್ಪ ಗಂಟಲು ಬಿಗೀಲಿ, ಒಂದೆರಡು ಹನಿ ಬಂದ್ರೂ ಚಲೋ. ಹಸನಬಿ ಅವರನ್ನ ಅಸೂಟಿಯಿಂದ ಕರಸ್ರಿ, ಗಾಡಿ ಕಳಸತೀನಿ. ಮೊದಲ ಬೆಂಚಿನ ಮ್ಯಾಲ ಸುಮ್ನ ಕುಂಡರಲಿ, ಮಾತಾಡಸೂದು ಬ್ಯಾಡ. ಮುದುಕರು ನೋಡ್ರಿ, ಏನರ ಖರೇ ಹೇಳಿಬಿಡತಾರ.

ಏನು?... ನೌಕರಿ ವಿಷಯ? ಬಂತು ನೋಡ್ರಿ! ನಾ ಅಂದ್ಕೊಂಡಿದ್ದೆ, ಇದು ಬಂದ ಬರತೈತಿ ಅಂತ. ಒಪ್ಪಿದೆ, ಒಂಬತ್ತು ವರ್ಷ ಅತಿಥಿ ಉಪನ್ಯಾಸಕಿಯಾಗಿ ದುಡದೀರಿ. ಇರೂದೊಂದು ಕಾಯಂ ಹುದ್ದೆ, ಹೋದ ವಾರ ಅದ ಹಳೇ ಸಾಲಿ ಖೋಲಿಯೊಳಗ ಸಂದರ್ಶನ ಆತು. ತೀರ್ಮಾನ ಇನ್ನೂ ಆಗಿಲ್ಲ ತಂಗಿ. ಆಗಿದ್ರೂ ನನಗ ಹ್ಯಾಂಗ ಗೊತ್ತಾಗಬೇಕು? ನಮ್ಮ ತಮ್ಮನ ಮಗಳು ಐಶ್ವರ್ಯಾ ಅರ್ಜಿ ಹಾಕಿದ್ಲಂತ ನಾನು ದೂರ ಉಳದೆ. ಆವತ್ತಿಡೀ ಆ ಖೋಲಿಯೊಳಗ ಕಾಲಿಟ್ಟಿಲ್ಲ. ನಿಯಮ ಅಂದ್ರ ನಿಯಮ.

ಸಂದರ್ಶನದಾಗ ನೀವು ಮಾಡಿ ತೋರಿಸಿದ ಪಾಠ ಚಲೋನ ಆತು ಬಿಡ್ರಿ. ನಕಾಶಿ ಚಂದ ತಗದಿದ್ರಿ. ಮಲಪ್ರಭಾ ಹೊಳಿ ಅಷ್ಟ, ಹೊಳೆಆಲೂರ ಹತ್ತರ ಒಮ್ಮೆ ಅಳಿಸಿ ತಿದ್ದಿದ್ರಿ; ಹಲಗಿ ಮ್ಯಾಲ ಬೆಳ್ಳಗ ಕಲೆ ಹಂಗ ಉಳದಿತ್ತು. ಕಾಯಂ ಆಗಬೇಕನ್ನೋರ ಕೈ ನಡಗಬಾರದು, ಕೌಸರ. ನೋಡಿದವರು ಏನಂದಾರು...

...ಯಾಕ ಹಂಗ ನೋಡತೀರಿ?

ಹ್ಯಾಂಗ ಕಂಡಿತು ಅಂದ್ರ... ಕಂಡಿತು. ಹಿಂದ ಕಿಡಕಿ ಹೊರಗ ಕಟ್ಟಿ ಮ್ಯಾಲ ಕೂತಿದ್ದೆ. ಕಿಡಕಿ ತೆರದಿತ್ತು. ಅಲ್ಲಿಂದ ಕಂಡಿತು. ಪಾಠ ಮುಗದ ಮ್ಯಾಲ ಸಂದರ್ಶನದವರು ನಿಮ್ಮನ್ನ ಚಾ ತರಾಕ ಕ್ಯಾಂಟೀನಿಗೆ ಕಳಸಿದ್ರಲ್ಲ, ಆವಾಗ ಎದ್ದು... ಎದ್ದು ಮನೀಗೆ ಹೋದೆ. ನಾ ಯಾಕ ಒಳಗ ಹೋಗ್ಲಿ? ನೀವು ಚಾ ತಂದು ಕೊಟ್ಟು, ಹಲಗಿ ಒರಸಿ, ಕೀಲಿ ಹಾಕೀರಿ. ಖೋಲಿ ನಿಮ್ಮ ಕೈಯಾಗ ಇತ್ತು, ನನ್ನ ಕೇಳತೀರಲ್ಲ!

ಕೇಳಲಿಲ್ಲ? ಹೌದು, ನೀವು ಬಾಯಿ ಬಿಟ್ಟಿಲ್ಲ. ಮತ್ತ ನಾ ಯಾಕ ಹೇಳಾಕತ್ತೀನಿ...

ಇದೇನು? ಕೀಲಿಕೈ ಯಾಕ ಟೇಬಲ್ ಮ್ಯಾಲ ಇಟ್ರಿ? ತಗೋರಿ. ನಾಳೆ ಖೋಲಿ ತೆರೆಯೋರು ಯಾರು? ಐಶ್ವರ್ಯಾಗ ಇನ್ನೂ ಯಾವ ಬಾಗಿಲ ಎಲ್ಲೈತಿ ಅನ್ನೂದು ಸುದ್ದಾ... 

ಕೂಡ್ರಿ. ಕೂಡು! ಕೂಡು ಅಂದ್ರ ತಿಳಿಯೂದಿಲ್ಲೇನು ನಿನಗ? ನೀ ಬರಲಿಲ್ಲಂದ್ರ ಮುಂದಿನ ಸಾಲಿಗೆ ಯಾರನ್ನ ತರಲಿ? ಗೇಟು ಕಾಯೋ ನಯೀಮಗ ಸೂಟು ಹೊಲಸಿ ಪ್ರಾಧ್ಯಾಪಕ ಅನ್ನಲೇನು? ನಿನ್ನಂಥಾವರಿಗೆ ಈ ಕಂಪೌಂಡಿನೊಳಗ ಒಂದು ಸ್ಟೂಲಾದ್ರೂ ಐತಿ, ಅದು ನಮ್ಮ ಅಜ್ಜಾರಿಂದ. ನೆನಪಿರಲಿ.

ಮತ್ತ ಬಾಗಿಲದಾಗ ಯಾಕ ನಿಂತಿ? ಓ! ಆ ಸುಳ್ಳು ಯಾವುದಂತ ಕೇಳಾಕ ನಿಂತೀಯಾ? ಹೇಳತೀನಿ ಅಂದಿದ್ದೆ, ಹೇಳತೀನಿ. ಇಷ್ಟು ವರ್ಷ ನಿಮ್ಮ ಮನಿತನ ಎದಿ ಉಬ್ಬಿಸಿ ಹೇಳಿದ ಕಥಿ ಎಂಥಾದ್ದು, ನಿನಗೂ ತಿಳೀಲಿ. ನಿಮ್ಮ ಅಜ್ಜಿ ನೋಡಿ ಕಲತಾಕಿ ಅಲ್ಲ. ಆಗೂದ ಇಲ್ಲ ಅದು! ಆ ಹಳೇ ಸಾಲಿ ಖೋಲಿಗೆ ಇರೂದೊಂದ ಕಿಡಕಿ. ನಾನ ಅದರ ಹೊರಗ ಹೋಗಿ ನಿಂತೀನಿ, ಕಟ್ಟಿ ಏರಿ ನೋಡೀನಿ, ಸರಳಿಗೆ ಹಣಿ ಹಚ್ಚಿ ನೋಡೀನಿ. ಕರೀಹಲಗಿ ಕಿಡಕಿ ಇರೋ ಗ್ವಾಡಿಗೇ ಐತಿ, ಒಳಮೈಗೆ. ಕಟ್ಟಿದಾಗಿಂದ ಅಲ್ಲೇ ಐತಿ, ಗಾರೆಯೊಳಗ ಕೂಡಿಸಿದ್ದು. ಹೊರಗಿನವರಿಗೆ ಅದು...

ಕೌಸರ...

ಹೊರಗಿನವರಿಗೆ ಅದು ಕಾಣೂದಿಲ್ಲ.