ಚಿಲಕದ ಸದ್ದು

ಅಯ್ಯೋ, ನೀರು ಬೇಡ ಡಾಕ್ಟ್ರಮ್ಮ! ಆ ಲೋಟ ಆಚೆ ಇಡಿ. ಬಾಯಾರಿಲ್ಲ ನನಗೆ. ಎದೆ... ಎದೆ ವಿಷ್ಯ ಹೇಳ್ತಾ ಇದ್ನಲ್ಲ. ಇದ್ದಕ್ಕಿದ್ದ ಹಾಗೆ ಡವ ಡವ ಡವ ಅಂತ ಶುರುವಾಗುತ್ತೆ. ಅವಲಕ್ಕಿ ಕುಟ್ಟಿದ ಹಾಗೆ! ಆಮೇಲೆ ತಲೆಸುತ್ತು. ಗೋಡೆ, ಕಂಬ, ಎಲ್ಲಾ ಗಿರ್ರಂತ ತಿರುಗುತ್ತೆ. ನಿಂತಲ್ಲೇ ಕೂತ್ಬಿಡ್ತೀನಿ.

ಹೆಸರಾ? ದಾಕ್ಷಾಯಣಮ್ಮ ಅಂತ ಬರ್ಕೊಳ್ಳಿ. ವಯಸ್ಸು ಐವತ್ತೆಂಟು. ಮನೆ ಚಾಮರಾಜಪೇಟೆ. ಯಾಕೆ ಹಾಗೆ ನೋಡ್ತೀರಿ? ಹೌದು, ಅಲ್ಲೂ ಡಾಕ್ಟ್ರಿದಾರೆ. ನಮ್ಮ ಬೀದಿ ತುದೀಲೇ ಇದಾರೆ. ಆದ್ರೆ ಅಲ್ಲಿ ಹೋದ್ರೆ, ಸಂಜೆ ಹೊತ್ತಿಗೆ ಬೀದಿಗೆಲ್ಲ ಗೊತ್ತು. ಅದಕ್ಕೇ ಜಟಕಾ ಮಾಡ್ಕೊಂಡು ಮಲ್ಲೇಶ್ವರಕ್ಕೆ ಬಂದೆ. ಮಗನಿಗೂ ಹೇಳಿಲ್ಲ. ಕಾಡು ಮಲ್ಲೇಶ್ವರನ ದರ್ಶನಕ್ಕೆ ಅಂತ ಹೇಳಿದೀನಿ. ಸುಳ್ಳಲ್ಲ, ಆಮೇಲೆ ಹೋಗ್ತೀನಿ.

ಇದು ಯಾಕೆ ಬರುತ್ತೆ? ಅದನ್ನ ಹೇಳಿ ಮೊದಲು. ಕಾಫಿನಾ? ದಿನಕ್ಕೆ ಎರಡೇ ಲೋಟ ಕುಡಿಯೋದು. ಪಕ್ಕದ್ಮನೆ ಭಾಗೀರಥಮ್ಮ ವಾಯು ಅಂದ್ಲು. ತಿಂಗಳೆಲ್ಲ ಇಂಗಿನ ಮಜ್ಜಿಗೆ ಕುಡಿದೆ. ನಮ್ಮ ಕೆಲಸದ ತಿಮ್ಮಕ್ಕ ದೃಷ್ಟಿ ಅಂದ್ಲು. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ಲು. ಒಂಚೂರು ಘಾಟು ಬರಲಿಲ್ಲ ಕಣ್ರೀ! ಅಷ್ಟು ದೃಷ್ಟಿ ಬಿದ್ದಿದೆಯಂತೆ, ಈ ಮುದುಕಿ ಮೇಲೆ... ಯಾಕೆ ನಗ್ತೀರಿ? ನಗಿ, ನಗಿ. ನಿಮ್ಮ ವಯಸ್ಸಲ್ಲಿ ನಾನೂ ನಗ್ತಿದ್ದೆ.

ಇದಾ? ಇದು ಕರಡಿಗೆ. ಬೆಳ್ಳೀದು, ಒಳಗೆ ಲಿಂಗ ಇದೆ. ಊಹೂಂ, ತೆಗೆಯೋ ಹಾಗಿಲ್ಲ ತಾಯಿ. ಉಸಿರಿರೋವರೆಗೂ ಎದೆ ಬಿಟ್ಟು ಇಳಿಸಬಾರದು. ಪಕ್ಕಕ್ಕೆ ಸರಿಸ್ತೀನಿ, ನಿಮ್ಮ ಕಿವಿಗೆ ಹಾಕ್ಕೊಂಡಿರೋ ನಳಿಗೆ ಇಟ್ಟು ಕೇಳಿ. ಎದೆ ಹೊಡ್ಕೊಳ್ಳೋವಾಗ ಈ ಕರಡಿಗೆ ಕುಣಿಯುತ್ತೆ ಗೊತ್ತಾ? ಸೆರಗಿನ ಒಳಗೆ, ಕಣ್ಣಿಗೆ ಕಾಣೋ ಹಾಗೆ ಕುಣಿಯುತ್ತೆ! ನಾನೇ ನೋಡಿದೀನಲ್ಲ. ಒಲೆ ಮುಂದೆ ಕೂತಿದ್ದೆ, ಅವಳು ಬಾಗಿಲಿಗೆ ಒರಗಿ... ಏನಂದೆ? ನಾನು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಬಾಯಿ ತಪ್ತು.

ಕೈ ಹಿಡ್ಕೊಂಡು ಗಡಿಯಾರ ನೋಡ್ತಿದೀರಲ್ಲ, ಎಷ್ಟಿದೆ? ಎಪ್ಪತ್ತೆರಡಾ? ಸರಿಯಾಗಿದೆಯಾ? ಅದು ಹೇಗಾಗುತ್ತೆ! ಇನ್ನೊಂದು ಸಲ ನೋಡಿ. ನನಗೆ ಈಗಲೂ ಕೇಳಿಸ್ತಿದೆ. ಟಕ ಟಕ ಟಕ... ನಿಮಗೆ ಕೇಳಿಸ್ತಿಲ್ವಾ?

ಯಾವಾಗ ಬರುತ್ತೆ ಅಂದ್ರಾ? ಮಧ್ಯಾಹ್ನ. ಊಟ ಆದ್ಮೇಲೆ ಚಾಪೆ ಮೇಲೆ ಒರಗ್ತೀನಲ್ಲ, ಆಗ. ಇಲ್ಲಾಂದ್ರೆ ಮೊಮ್ಮಗಳು ಬಂದು "ಅಜ್ಜಿ, ನೀರು" ಅಂದಾಗ. ಮೂರು ವರ್ಷ ಅದಕ್ಕೆ. ಒಂದು ಲೋಟ ಕೇಳಿದ್ರೆ ಎರಡು ಕೊಡ್ತೀನಿ. ಸಾಕು ಅಂದ್ರೂ ಬಿಡಲ್ಲ, ಕುಡೀ ಕುಡೀ ಅಂತೀನಿ... ಅವರಮ್ಮನಾ? ಇಲ್ಲ. ಮಹಾನಂದ ಅಂತ. ಸ್ವಾತಂತ್ರ್ಯ ಬಂದ ವರ್ಷ ಸೊಸೆಯಾಗಿ ಬಂದ್ಲು. ಇಲ್ಲ ಈಗ.

ಅದೆಲ್ಲ ಇರಲಿ. ಇನ್ನೂ ಏನೇನಕ್ಕೆ ಬರುತ್ತೆ, ನೀವು ಓದಿದೋರು, ಹೇಳಿ. ಹೆದರಿಕೆಗೆ... ಹೂಂ. ಜ್ವರಕ್ಕೆ... ಹೂಂ. ರಕ್ತ ಹೋದ್ರೂ ಬರುತ್ತಾ? ಮತ್ತೆ? ಮೈಯಲ್ಲಿ ನೀರು ಕಮ್ಮಿ...

ನೀರಿನ ಮಾತು ಯಾಕೆ ತೆಗೆದ್ರಿ? ಯಾರಾದ್ರೂ ಏನಾದ್ರೂ ಹೇಳಿದಾರಾ ನಿಮಗೆ?

ಬಾಣಂತಿಗೆ ನೀರು ಕೊಡಬಾರದು ಡಾಕ್ಟ್ರಮ್ಮ! ಶೀತ ಆಗುತ್ತೆ, ಸನ್ನಿ ಹಿಡಿಯುತ್ತೆ. ನಮ್ಮತ್ತೆ ನನಗೆ ಹೊತ್ತಿಗೆ ಒಂದು ಒಳಲೆ, ಮಗುಗೆ ಹಾಲು ಹಾಕ್ತೀವಲ್ಲ ಅಷ್ಟೇ, ನೀರು ಕೊಟ್ಟಿದ್ದು, ಅದೂ ಕಾಯಿಸಿ ಆರಿಸಿದ್ದು. ಐದು ಹೆತ್ತೆ, ಕಲ್ಲುಗುಂಡಿನ ಹಾಗೆ ಎದ್ದೆ. ಮಹಾನಂದಳಿಗೆ ತಾಯಿ ಇರಲಿಲ್ಲ. ತವರಿಗೆ ಕಳಿಸೋದು ಎಲ್ಲಿಗೆ? ನಾನೇ ಬಾಣಂತನ ಮಾಡಿದೆ. ಮೆಣಸಿನ ಸಾರು, ಬೆಳ್ಳುಳ್ಳಿ, ಅಂಟಿನುಂಡೆ, ಎಲ್ಲಾ ಈ ಕೈಯಾರೆ. ಏನು ಕಮ್ಮಿ ಮಾಡಿದೆ ಹೇಳಿ? ಮಗಳ ಹಾಗೆ ನೋಡ್ಕೊಂಡೆ.

ಒಂಬತ್ತನೇ ದಿನ ಅಡುಗೆಮನೆ ಬಾಗಿಲಿಗೆ ಬಂದು ಒರಗಿದ್ಲು. "ಅತ್ತೆ, ಎದೆ ಹೊಡ್ಕೊಳ್ತಿದೆ, ಕಣ್ಣು ಕತ್ತಲೆ ಬರ್ತಿದೆ, ಒಂದು ಲೋಟ ನೀರು ಕೊಡಿ" ಅಂದ್ಲು. ರಕ್ತ ಹೋಗ್ತಾನೇ ಇತ್ತು ಅವಳಿಗೆ, ಬಟ್ಟೆ ಒಗೆಯೋ ತಿಮ್ಮಕ್ಕ ಎರಡು ಸಲ ಹೇಳಿದ್ಲು. ಕೆಟ್ಟ ರಕ್ತ, ಹೋಗ್ಲಿ ಬಿಡು ಅಂದೆ. ವೀಳ್ಯದೆಲೆ ಕೊಟ್ಟು, ಅಗಿ, ಬಾಯಿ ಒಣಗಲ್ಲ ಅಂದೆ. ಕರಡಿಗೆ ಕುಣೀತಿತ್ತು, ನೋಡಿದೆ. ನೋಡಿಯೂ... ಹಿಂದಿನ ದಿನ ಬಚ್ಚಲ ಹಂಡೆ ನೀರು ಕದ್ದು ಕುಡಿದಿದ್ಲು ಕಣಮ್ಮ! ಅದಕ್ಕೇ ಬಚ್ಚಲಿಗೆ ಬೀಗ ಹಾಕಿದ್ದೆ. ಅವಳ ಒಳ್ಳೇದಕ್ಕೇ.

ಆ ಬಚ್ಚಲ ಬಾಗಿಲ ಮುಂದೆಯೇ ಬಿದ್ದಿದ್ಲು. ಸಂಜೆ ನೋಡಿದ್ವಿ. ನಾನು ಮಲಗಿದ್ದೆ, ನಿದ್ದೆ ಹತ್ತಿತ್ತು, ಏನೂ ಗೊತ್ತಾಗಲಿಲ್ಲ. ಮಗನಿಗೂ ಅದನ್ನೇ ಹೇಳಿದೀನಿ.

ಈಗ ಹೇಳಿ. ನೀರು ಕೊಟ್ಟಿದ್ರೂ ಅವಳು ಉಳೀತಿರಲಿಲ್ಲ, ಅಲ್ವಾ? ವಿಧಿ ಅನ್ನಿ. ಹುಟ್ಟಿನಿಂದ ಬಂದ ಎದೆ ಕಾಯಿಲೆ ಅನ್ನಿ. ಅದೊಂದು ಮಾತು ಕೇಳೋಕೆ ಇಷ್ಟು ದೂರ ಬಂದೆ ತಾಯಿ...

ನಳಿಗೆ ಯಾಕೆ ಸುತ್ತಿಡ್ತೀರಿ? ಬೈದಾದ್ರೂ ಬೈರಿ. ಹಾಗೆ ನೋಡಬೇಡಿ ನನ್ನ... ನಿದ್ದೆ ಹತ್ತಿತ್ತು ಅಂದ್ನಲ್ಲ! ನಿದ್ದೆ...

ಹತ್ತಿರಲಿಲ್ಲ.

ಕೇಳಿಸ್ತಿತ್ತು. ಬಚ್ಚಲ ಚಿಲಕ ಅಲ್ಲಾಡಿಸ್ತಿದ್ಲು. ಟಕ ಟಕ ಟಕ. ಮೊದಲು ಜೋರಾಗಿ. ಆಮೇಲೆ ಬಿಟ್ಟು ಬಿಟ್ಟು. ಎದ್ದು ಹೋಗಿದ್ರೆ ಹತ್ತು ಹೆಜ್ಜೆ. ನಾನು ಮಗ್ಗುಲು ಬದಲಾಯಿಸಿದೆ. ಸೊಂಟದಲ್ಲಿ ಸಿಕ್ಕಿಸಿದ್ದ ಬೀಗದ ಕೈ ಮೇಲೆ ಕೈ ಇಟ್ಕೊಂಡು, ಈಗ ಸುಮ್ಮನಾಗ್ತಾಳೆ, ಈಗ ಸುಮ್ಮನಾಗ್ತಾಳೆ ಅಂತ ಕಾದೆ.

ಸುಮ್ಮನಾದ್ಲು.