ಹಗಲು ಪಾಳಿಯ ಮಂಚ

ಮೂರೇ ವಾರಕ್ಕೆ ಕಾಲು ಮುರಿದ ಕುರ್ಚಿಯನ್ನು ಹೊತ್ತುಕೊಂಡು, ಜಗಳ ಆಡಲೆಂದೇ ಅದನ್ನು ಕೊಂಡ ಮಂಚದಂಗಡಿಗೆ ಹೋಗಿದ್ದೆ. ಮಾಲೀಕ ನನ್ನನ್ನು ನೋಡಿಯೂ ನೋಡದವನಂತೆ ಫೋನಿನಲ್ಲಿದ್ದ. ಪಕ್ಕದಲ್ಲಿ ಒಂದೇ ಕಾರ್ಖಾನೆಯ ಸಮವಸ್ತ್ರ ತೊಟ್ಟ ಗಂಡ ಹೆಂಡತಿ ಎರಡು ಮಂಚಗಳನ್ನು ನೋಡುತ್ತಿದ್ದರು. ಒಂದು ಆರಡಿ ಅಗಲದ್ದು, ಇನ್ನೊಂದು ನಾಲ್ಕಡಿಯದು.

“ಆರಡಿದೇ ತಗೊಳ್ಳೋಣ ರೀ. ಸೋಮವಾರದಿಂದ ಇಬ್ರಿಗೂ ಹಗಲು ಪಾಳಿ.”

“ಇನ್ನೂ ನಂಬಕ್ಕಾಗ್ತಿಲ್ಲ ಕಣೇ. ಆರು ವರ್ಷ ಆ ಒಂಟಿ ಮಂಚದಲ್ಲಿ ನೀನು ಎದ್ದ ಮೇಲೆ ನಾನು ಮಲಗಿದ್ದೇ ಆಯ್ತು.”

“ದಿಂಬಾದ್ರೂ ಬೆಚ್ಚಗಿರ್ತಿತ್ತಲ್ಲ ನಿಮಗೆ.”

“ನಾನು ಗೊರಕೆ ಹೊಡೀತೀನಾ?”

“ನನ್ನ ಕೇಳಿದ್ರೆ? ಆಗ ನಾನು ಮಿಷಿನ್ ಮುಂದೆ ಇರ್ತಿದ್ದೆ. ಪಕ್ಕದ ಮನೆಯವ್ರನ್ನ ಕೇಳಿ.”

“ಆರಡಿದು ಹಾಕಿದ್ರೆ ರೂಮಿನ ಬಾಗಿಲು ತೆರೆಯಲ್ಲ, ಗೊತ್ತು ತಾನೆ?”

“ಬಾಗಿಲು ಕಿತ್ತು ಪರದೆ ಹಾಕಿದ್ರಾಯ್ತು. ಹಾಸಿಗೆ ಇದ್ದಷ್ಟೇ ಕಾಲು ಚಾಚಿ ಸಾಕಾಗಿದೆ.”

“ಸರಿ ಮಾರಾಯ್ತಿ. ಗೋಡೆ ಕಡೆ ನೀನೋ, ನಾನೋ? ಈಗಲೇ ಹೇಳ್ಬಿಡು.”

“ನಂಗೆ ನಡುವೆ ಮಲಗಿ ಅಭ್ಯಾಸ.”

“ನಂಗೂ ನಡುವೆನೇ.”

ಅವಳು ನಾಲ್ಕಡಿಯ ಮಂಚದತ್ತ ತಿರುಗಿ ನೋಡಿದಳು. ಮಾಲೀಕ ಫೋನು ಕೆಳಗಿಟ್ಟ. ನಾನು ಕುರ್ಚಿ ಎತ್ತಿ ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದೆ ಹೋದಳು.

“ಅಣ್ಣಾ, ನಾಲ್ಕಡಿದೇ ಕೊಡಿ.”

“ಇಕ್ಕಟ್ಟಾಗುತ್ತೆ ಕಣೇ.”

“ಆಗ್ಲಿ ಬಿಡಿ,” ಎಂದವಳೇ ಗಂಡನ ತೋಳು ಹಿಡಿದು ಎಳೆದುಕೊಂಡು ಒಳಗೆ ನಡೆದಳು.