ಹಲಸಿನ ಮರದ ಪಕ್ಕದ ಮನೆ

ಬಾಳ್ಳುಪೇಟೆಯಲ್ಲಿ ಮರದ ವ್ಯಾಪಾರಿ ಅಸಾದುಲ್ಲಾ ಕುಂದೂರಿನ ಬಸ್ಸಿಗೆ ಕಾಯುತ್ತಿದ್ದ. ಪಕ್ಕದ ಬೆಂಚಿನಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮಗಳು, ನರ್ಸ್ ಎಲೈನ್, ತೋಟದ ಆಳು ದೇವಕ್ಕನಿಗೆ ಮೊಬೈಲ್ ತೋರಿಸುತ್ತಿದ್ದಳು.

“ಕೆನಡಾದಲ್ಲೇ ಕಾಯಂ ಇರೋಕೆ ಒಪ್ಪಿಗೆ ಬಂತೇನವ್ವ?”

“ಇನ್ನೂ ಇಲ್ಲ ದೇವಕ್ಕ. ಅರ್ಜಿ ತಲುಪೈತೆ ಅಂತ ಮೊಬೈಲಿಗೆ ಕಾಗ್ದ ಬಂದೈತೆ. ಹತ್ತು ವರ್ಷದಿಂದ ಎಲ್ಲೆಲ್ಲಿದ್ದೆ ಅಂತ ಅರ್ಜೀಲಿ ವಿಳಾಸ ಕೇಳಿದ್ರು. ನಮ್ಮನೆಗೆ ನಂಬರ್ ಎಲ್ಲೈತೆ?”

“ಮತ್ತೇನು ಬರ್ದೆ?”

“ನಾವು ಹೇಳೋ ಹಂಗೇ ಬರ್ದೆ. ಅವ್ರೂ ಹಂಗೇ ಅಚ್ಚು ಹಾಕವ್ರೆ ನೋಡು: ದೊಡ್ಡ ಹಲಸಿನ ಮರದ ಪಕ್ಕ, ರೈಟರ್ ಮನೆ.”

ದೇವಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಆ ಅಕ್ಷರಗಳನ್ನು ಮುಟ್ಟಿದಳು.

“ಅಯ್ಯೋ ನನ್ನವ್ವ! ಸಮುದ್ರದಾಚೆ ಸರ್ಕಾರಕ್ಕೆ ನಮ್ಮ ಹಲಸಿನ ಮರ ಗೊತ್ತಾಗ್ಬುಡ್ತಾ!”

ಅಸಾದುಲ್ಲಾನ ಕಿವಿ ನೆಟ್ಟಗಾಯಿತು. ದೇವಕ್ಕ ದನಿ ತಗ್ಗಿಸಿದಳು.

“ತೋಟದ ಸಾಹುಕಾರ್ರು ಅದನ್ನ ಕಡಿಸ್ತಾರಂತಲ್ಲವ್ವ. ಅವ್ರು ನೋಡೋಕೆ ಬಂದಾಗ ಮರ ಇಲ್ದಿದ್ರೆ ನೀನು ಸುಳ್ಳು ಬರ್ದಂಗಾಗಲ್ವಾ?”

“ಅಲ್ಲಿಂದ ಯಾರೂ ನೋಡೋಕೆ ಬರಲ್ಲ ದೇವಕ್ಕ.”

“ಮರಾನೇ ಗೊತ್ತು ಮಾಡ್ಕೊಂಡವ್ರಿಗೆ ಬರೋ ದಾರಿ ಗೊತ್ತಿರಲ್ವಾ?”

ಬಸ್ಸು ಬಂತು, ಇಬ್ಬರೂ ಹತ್ತಿದರು.

ಆ ಮರಕ್ಕೆ ಬೆಲೆ ಕಟ್ಟಲೆಂದೇ ಹೊರಟಿದ್ದ ಅಸಾದುಲ್ಲಾ ಕೈಯಲ್ಲಿದ್ದ ಅಳತೆಯ ಟೇಪನ್ನು ಜೇಬಿಗಿಳಿಸಿದ. ಕಂಡಕ್ಟರ್ ಎರಡು ಸಲ ಕರೆದರೂ ಅವನು ಹತ್ತಲಿಲ್ಲ.